ಕುತ್ತಿಗೆಯ ಎಂಆರ್‌ಐ, ಕೈಬೆರಳ ಸಾಕ್ಷಿ

(ಸಂಘದ ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ರೇಡಿಯಾಲಜಿಸ್ಟ್. ಅಂದರೆ ರೋಗಿಯ ಮುಖಕ್ಕಿಂತ ರೋಗಿಯ ಒಳಗಿನ ಚಿತ್ರವನ್ನೇ ಹೆಚ್ಚು ನೋಡುವ ವೈದ್ಯೆ. ಮಬ್ಬುಗತ್ತಲೆಯ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕುಳಿತು ಎಕ್ಸ್‌ರೇ, ಸಿಟಿ, ಎಂಆರ್‌ಐ ಓದುವುದು ನನ್ನ ಕೆಲಸ. 22 ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ.

ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ಡಾಕ್ಟರೇ, ಕುತ್ತಿಗೆ ನೋವಿನ ಬಗ್ಗೆ ಮಾತಾಡಿ, ಮೊಬೈಲ್ ನೋಡಿ ನೋಡಿ ಎಲ್ಲರಿಗೂ ಕುತ್ತಿಗೆ ಹಿಡಿದಿದೆ" ಎಂದರು. ಒಪ್ಪಿಕೊಂಡೆ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ನೋವಿಲ್ಲದ ಕುತ್ತಿಗೆಯ ಬಗ್ಗೆ. ನೋವಿದ್ದರೆ ನಾವು ಹೇಗಾದರೂ ವೈದ್ಯರ ಬಾಗಿಲಿಗೆ ಹೋಗುತ್ತೇವೆ. ನೋವಿಲ್ಲದೆ, ಸದ್ದಿಲ್ಲದೆ ಕೈಯ ಕಸುಬನ್ನು, ಕಾಲಿನ ಧೈರ್ಯವನ್ನು ಕಸಿದುಕೊಳ್ಳುವ ತೊಂದರೆಯೊಂದು ಕುತ್ತಿಗೆಯಲ್ಲಿ ಹುಟ್ಟುತ್ತದೆ. ಅದು ನನ್ನ ಅವ್ವನಿಗೆ ಬಂತು. ಚಿತ್ರ ಓದುವುದೇ ಉದ್ಯೋಗವಾಗಿದ್ದ ನನಗೆ ಅದು ಗೊತ್ತಾಗಲು ಎರಡು ವರ್ಷ ಬೇಕಾಯಿತು. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಅವ್ವ ಧಾರವಾಡದಲ್ಲಿ ಅಣ್ಣ-ವೈನಿಯರ ಜೊತೆ ಇರುತ್ತಾಳೆ. ಆಗ ಅವಳಿಗೆ 67. ಬಿಪಿ ಇತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಅವಳು ಹೊಸೆದ ಹೂಬತ್ತಿ ನಮ್ಮ ಓಣಿಯಲ್ಲೆಲ್ಲ ಹೆಸರಾಗಿತ್ತು. ಒಂದು ದೀಪಾವಳಿಗೆ ಊರಿಗೆ ಹೋದಾಗ ಬತ್ತಿಗಳು ಸಡಿಲವಾಗಿದ್ದವು, ತುದಿ ನಿಲ್ಲುತ್ತಿರಲಿಲ್ಲ. ಕೇಳಿದರೆ, "ವಯಸ್ಸಾತಲ್ಲವಾ, ಬೆರಳು ಮೊದಲಿನಂಗ ಮಾತು ಕೇಳಂಗಿಲ್ಲ" ಎಂದಳು. ಹೌದಲ್ಲ ಎಂದುಕೊಂಡೆ.

ಆಮೇಲೆ ಬೆರಳ ತುದಿ ಜುಮುಗುಡಲು ಶುರುವಾಯಿತು. ಅಲ್ಲಿಯ ವೈದ್ಯರು ಮಣಿಕಟ್ಟಿನಲ್ಲಿ ನರ ಒತ್ತಿದೆ, ಕಾರ್ಪಲ್ ಟನಲ್ ಎಂದರು. ಪರೀಕ್ಷೆಯಲ್ಲಿ ಅದೂ ಸ್ವಲ್ಪ ಇತ್ತು. ಬಲಗೈಗೆ ಸಣ್ಣ ಶಸ್ತ್ರಚಿಕಿತ್ಸೆಯೂ ಆಯಿತು. ಗಾಯ ಮಾಯಿತು, ಬೆರಳು ಮಾತ್ರ ಇದ್ದಂತೆಯೇ ಇತ್ತು.

ಒಂದು ದಿನ ವೈನಿ ಫೋನಿನಲ್ಲಿ ಹೇಳಿದರು: "ಅತ್ತಿಯವರು ರೊಟ್ಟಿ ಬಡಿಯೋ ಸಪ್ಪಳ ಬ್ಯಾರೆ ಆಗೇದ ನೋಡ್ರಿ. ಮೊದಲು ಒಂದೇ ತಾಳದಾಗ ಬಡೀತಿದ್ರು. ಈಗ ನಡುವ ನಿಲ್ತದ, ತಪ್ತದ. ರೊಟ್ಟಿ ಅಂಚೂ ಹರೀತಾವ."

ನಾನು ನಕ್ಕುಬಿಟ್ಟೆ. "ವೈನಿ, ಇನ್ನು ಮುಂದ ರೊಟ್ಟಿ ನೀವ ಬಡೀರಿ, ಅವ್ವಗ ಸಾಕು ಮಾಡ್ರಿ" ಅಂದೆ. ಅಡುಗೆಮನೆಯಲ್ಲಿ ದಿನಾ ಪಕ್ಕದಲ್ಲಿ ನಿಲ್ಲುವವರು ಒಂದು ಅಪ್ಪಟ ವೈದ್ಯಕೀಯ ಲಕ್ಷಣ ಹೇಳುತ್ತಿದ್ದರು. ಎಂ.ಡಿ. ಓದಿದ ನಾದಿನಿ ಅದನ್ನು ಅಡುಗೆಮನೆ ಮಾತು ಎಂದು ತಳ್ಳಿಹಾಕಿದಳು.

ಅವ್ವನ ಕುತ್ತಿಗೆಯೊಳಗೆ ಆಗ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಕುತ್ತಿಗೆಯಲ್ಲಿ ಏಳು ಮಣಿಗಳು ಒಂದರ ಮೇಲೊಂದು ಕೂತಿರುತ್ತವೆ. ಹೆಚ್ಚಿನ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ. ಮಣಿಗಳ ಹಿಂಭಾಗದ ತೂತುಗಳು ಒಂದಕ್ಕೊಂದು ಸೇರಿ ಕೊಳವೆಯಂಥ ದಾರಿ ಆಗುತ್ತದೆ. ಆ ದಾರಿಯಲ್ಲಿ ಮಿದುಳಿನಿಂದ ಕೆಳಗಿಳಿಯುವ ಬೆನ್ನುಹುರಿ ಇರುತ್ತದೆ, ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನಷ್ಟು ದಪ್ಪ. ಅದರ ಸುತ್ತ ತಿಳಿನೀರಿನಂಥ ದ್ರವ. ಕೈಗೆ ಹೋಗುವ ಅಪ್ಪಣೆ, ಕಾಲಿನಿಂದ ಬರುವ ಸುದ್ದಿ, ಮೂತ್ರದ ಹತೋಟಿ, ಎಲ್ಲವೂ ಈ ಹುರಿಯ ಮೂಲಕವೇ ಸಾಗಬೇಕು.

ಈ ದಾರಿಯ ಹಿಂದುಮುಂದಿನ ಅಗಲ ಸಾಮಾನ್ಯವಾಗಿ 17 ಮಿಲಿಮೀಟರ್ ಆಸುಪಾಸು ಇರುತ್ತದೆ. 13ಕ್ಕಿಂತ ಕಡಿಮೆಯಾದರೆ ಇಕ್ಕಟ್ಟು ಎನ್ನುತ್ತೇವೆ. 10ಕ್ಕಿಂತ ಕಡಿಮೆಯಾದರೆ ತೀರಾ ಇಕ್ಕಟ್ಟು. ಕೆಲವರಿಗೆ ಹುಟ್ಟಿನಿಂದಲೇ ಜಾಗ ಕಡಿಮೆ. ವಯಸ್ಸಾದಂತೆ ಡಿಸ್ಕಿನ ನೀರಿನಂಶ ಆರುತ್ತದೆ, ಎತ್ತರ ಕುಗ್ಗುತ್ತದೆ, ಅದು ಹಿಂದಕ್ಕೆ ಉಬ್ಬುತ್ತದೆ. ಮಣಿಗಳ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ. ಹಿಂಬದಿಯ ಲಿಗಮೆಂಟು ದಪ್ಪವಾಗಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಕೆಲವರಲ್ಲಿ ಮುಂಬದಿಯ ಲಿಗಮೆಂಟು ಮೂಳೆಯಾಗಿಯೇ ಗಟ್ಟಿಯಾಗುತ್ತದೆ. ಹೀಗೆ ಹಿಂದಿನಿಂದಲೂ ಮುಂದಿನಿಂದಲೂ ಜಾಗ ಒತ್ತುವರಿಯಾಗುತ್ತ ಬಂದು, ಕೊನೆಗೆ ಬೆನ್ನುಹುರಿಯೇ ಒತ್ತಿಕೊಳ್ಳುತ್ತದೆ. ತಲೆ ಬಗ್ಗಿಸಿದಾಗ, ಎತ್ತಿದಾಗ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು, ರಕ್ತದ ಪೂರೈಕೆಯೂ ಕಡಿಮೆ. ಆಗ ಹುರಿಯ ಕೆಲಸ ಕೆಡುತ್ತದೆ. ಇದಕ್ಕೆ ಸರ್ವೈಕಲ್ ಮೈಲೋಪತಿ ಎನ್ನುತ್ತಾರೆ. ಸವೆತದಿಂದ ಬರುವ ಇಂಥ ತೊಂದರೆಗಳನ್ನೆಲ್ಲ ಸೇರಿಸಿ 'ಡಿಜೆನರೇಟಿವ್ ಸರ್ವೈಕಲ್ ಮೈಲೋಪತಿ' ಎಂಬ ಒಂದೇ ಹೆಸರಿನಿಂದ ಕರೆಯೋಣ ಎಂದು ತಜ್ಞರು ಸೂಚಿಸಿದ್ದು 2015ರಲ್ಲಿ. ದೊಡ್ಡವರಲ್ಲಿ ಬೆನ್ನುಹುರಿಯ ಕೆಲಸ ಕೆಡಲು ಅತಿ ಸಾಮಾನ್ಯ ಕಾರಣ ಇದೇ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಹುರಿಯಿಂದ ಪಕ್ಕಕ್ಕೆ ಹೊರಡುವ ನರದ ಬೇರು ಒತ್ತಿದರೆ ಸಾಮಾನ್ಯವಾಗಿ ಒಂದು ಕೈಯಲ್ಲಿ ಭುಜದಿಂದ ಬೆರಳಿನವರೆಗೆ ಸೆಳೆತ, ಚಳಕು ಬರುತ್ತದೆ. ತಡೆಯಲಾರದೆ ವೈದ್ಯರ ಬಳಿ ಓಡುತ್ತೇವೆ. ಹುರಿಯೇ ಒತ್ತಿದರೆ ನೋವು ಇರಲೂಬಹುದು, ಇಲ್ಲದೆಯೂ ಇರಬಹುದು. ಎರಡೂ ಕೈ ಒರಟಾಗುತ್ತವೆ, ನಡಿಗೆ ತೂಗಾಡುತ್ತದೆ. ಮಣಿಕಟ್ಟು ಎಂದು ಒಬ್ಬರು, ಮೊಣಕಾಲು ಎಂದು ಇನ್ನೊಬ್ಬರು, ವಯಸ್ಸು ಎಂದು ಎಲ್ಲರೂ ಹೇಳುತ್ತಾರೆ. ಕುತ್ತಿಗೆಯ ನೆನಪು ಯಾರಿಗೂ ಬರುವುದಿಲ್ಲ, ಯಾಕೆಂದರೆ ಅದು ನೋಯುತ್ತಿಲ್ಲವಲ್ಲ!

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಇಸ್ರೇಲಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಲಕ್ಷಣ ಕಂಡಲ್ಲಿಂದ ಸರಿಯಾದ ಕಾರಣ ತಿಳಿಯುವವರೆಗೆ ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಮೊದಲು ಹೇಳಿದ ರೋಗ ಕಾರ್ಪಲ್ ಟನಲ್. ಅದನ್ನು ಓದಿದಾಗ ಅವ್ವನ ಬಲ ಮಣಿಕಟ್ಟಿನ ಸಣ್ಣ ಗಾಯದ ಗುರುತು ಕಣ್ಣ ಮುಂದೆ ಬಂತು.

ಮುಂದಿನ ಬೇಸಿಗೆಯಲ್ಲಿ ಅವ್ವ ನಮ್ಮಲ್ಲಿಗೆ ಡೊಂಬಿವಲಿಗೆ ಬಂದಳು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಇಳಿಯುವಾಗ ಕಂಬಿ ಬಿಡಲೇ ಇಲ್ಲ. ಕೆಳಗೆ ಬಂದು ನೋಡಿದರೆ ಎಡಗಾಲಿನ ಚಪ್ಪಲಿ ಇಲ್ಲ. ನಾಲ್ಕು ಮೆಟ್ಟಿಲು ಮೇಲೆ ಬಿದ್ದಿತ್ತು. ಜಾರಿದ್ದು ಅವಳಿಗೆ ತಿಳಿದೇ ಇರಲಿಲ್ಲ. ಜನ ನೂಕುತ್ತಿದ್ದರು. ಅಲ್ಲೇ ನಿಂತು ಆ ಚಪ್ಪಲಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಬತ್ತಿ, ರೊಟ್ಟಿ, ಮಣಿಕಟ್ಟು, ಚಪ್ಪಲಿ, ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತವು.

ಮರುದಿನವೇ ಎಂಆರ್‌ಐ ಮಾಡಿಸಿದೆ. ಯಂತ್ರದ ಆ ಬಡಿತ ಕೇಳಿ ಅವ್ವ ಹೊರಬಂದು, "ಬಡಿಗ್ಯಾರ ಮನ್ಯಾಗ ಮಲಗಿದಂಗಾತು" ಎಂದಳು. ಗಾಜಿನ ಈಚೆ ಕುಳಿತ ನನಗೆ ನಗು ಬರಲಿಲ್ಲ. ಟಿ-2 ಎನ್ನುವ ಬಗೆಯ ಚಿತ್ರದಲ್ಲಿ ದ್ರವ ಬೆಳ್ಳಗೆ ಕಾಣುತ್ತದೆ, ಹುರಿ ಬೂದು ಬಣ್ಣಕ್ಕಿರುತ್ತದೆ. ಆರೋಗ್ಯವಂತ ಕುತ್ತಿಗೆಯಲ್ಲಿ ಎರಡು ಬಿಳಿ ಗೆರೆಗಳ ನಡುವೆ ಬೂದು ಹಗ್ಗ ನೆಟ್ಟಗೆ ಇಳಿಯುತ್ತದೆ. ಅವ್ವನ ಚಿತ್ರದಲ್ಲಿ ನಾಲ್ಕನೆಯ ಮಣಿಯಿಂದ ಆರನೆಯ ಮಣಿಯವರೆಗೆ ಬಿಳಿ ಗೆರೆ ಎರಡೂ ಬದಿಯಲ್ಲಿ ಅಳಿಸಿಹೋಗಿತ್ತು. ಹಗ್ಗ ನಜ್ಜಿತ್ತು. ನಜ್ಜಿದ ಜಾಗದಲ್ಲಿ ಹುರಿಯ ಒಳಗೇ ಒಂದು ಬಿಳಿ ಮಚ್ಚೆ. ಹುರಿ ನೊಂದಿದೆ ಎಂದು ಅದು ಹೇಳುತ್ತದೆ. ಬೇರೆಯವರ ಚಿತ್ರದಲ್ಲಿ ಇಂಥದ್ದನ್ನು ಎಷ್ಟೋ ಸಲ ನೋಡಿ ವರದಿ ಬರೆದಿದ್ದೇನೆ. ಅವತ್ತು ಬರೆಯಲು ಕೈ ಬರಲಿಲ್ಲ, ಸಹೋದ್ಯೋಗಿಯನ್ನು ಕರೆದೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಅರ್ಧ ಜನ ನಾಳೆಯೇ ಎಂಆರ್‌ಐ ಮಾಡಿಸಲು ಹೊರಡಬಹುದು. ದಯವಿಟ್ಟು ಬೇಡ. ಈ ಕಥೆಗೆ ಇನ್ನೊಂದು ಮುಖವಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಯುವತಿ ನನ್ನ ಬಳಿ ಬಂದಿದ್ದಳು. ಕಂಪ್ಯೂಟರ್ ಕೆಲಸ. ಎರಡು ವಾರ ಕುತ್ತಿಗೆ ನೋವು ಇತ್ತೆಂದು ಎಂಆರ್‌ಐ ಮಾಡಿಸಿದ್ದಳು. ವರದಿಯಲ್ಲಿ ಮೂರು ಕಡೆ 'ಡಿಸ್ಕ್ ಬಲ್ಜ್', ಒಂದು ಕಡೆ 'ಥೀಕಲ್ ಸ್ಯಾಕ್ ಇಂಡೆಂಟೇಶನ್' ಎಂದಿತ್ತು. ನೋವು ಹೋಗಿತ್ತು, ವರದಿ ಮನಸ್ಸಿನಿಂದ ಹೋಗಿರಲಿಲ್ಲ. ಎರಡು ವರ್ಷದ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ನಾನು ಚಿತ್ರ ನೋಡಿದೆ. ಹುರಿಯ ಸುತ್ತ ಬಿಳಿ ಗೆರೆ ಚೆನ್ನಾಗಿತ್ತು. ನರರೋಗ ತಜ್ಞರು ಪರೀಕ್ಷಿಸಿದರು. ಕೈ ಚುರುಕು, ನಡಿಗೆ ನೆಟ್ಟಗೆ. ಅವಳಿಗೆ ಬೇಕಾಗಿದ್ದದ್ದು ವ್ಯಾಯಾಮ ಮತ್ತು "ಮಗುವನ್ನು ಎತ್ತಿಕೋ ತಾಯಿ" ಎಂಬ ಒಂದು ಮಾತು.

ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಆರೋಗ್ಯವಂತರ ಕುತ್ತಿಗೆಯ ಎಂಆರ್‌ಐ ತೆಗೆದು ನೋಡಿದರು. 2015ರಲ್ಲಿ ಪ್ರಕಟವಾದ ಅಧ್ಯಯನ. 20ರ ಹರೆಯದವರಿಂದ 70 ದಾಟಿದವರವರೆಗೆ ಇದ್ದರು. ಶೇಕಡಾ 87.6 ಜನರಲ್ಲಿ ಡಿಸ್ಕ್ ಉಬ್ಬಿತ್ತು. ಕೂದಲು ನೆರೆಯುವಂತೆ ಡಿಸ್ಕೂ ಮಾಗುತ್ತದೆ, ಅಷ್ಟೆ. ಇನ್ನೂ ಗಮನಿಸಬೇಕಾದದ್ದು, ಶೇಕಡಾ 5.3 ಜನರಲ್ಲಿ ಹುರಿಯೇ ಒತ್ತಿಕೊಂಡಿತ್ತು, ಆದರೂ ಅವರಿಗೆ ಏನೂ ಆಗಿರಲಿಲ್ಲ.

ಚಿತ್ರಕ್ಕೂ ಕೈಕಾಲಿಗೂ ಹೀಗೆ ತಾಳೆಯಾಗದಿರಲು ಕಾರಣಗಳಿವೆ. ಒತ್ತಡ ನಿಧಾನಕ್ಕೆ ಬಂದರೆ ಹುರಿ ಬಹಳಷ್ಟು ಸಹಿಸಿಕೊಳ್ಳುತ್ತದೆ. ಚಿತ್ರ ತೆಗೆಯುವಾಗ ನಾವು ಅಲುಗಾಡದೆ ಮಲಗಿರುತ್ತೇವೆ, ಬದುಕಿನಲ್ಲಿ ಕುತ್ತಿಗೆ ಇಡೀ ದಿನ ತಿರುಗುತ್ತಿರುತ್ತದೆ. ರಕ್ತ ಎಷ್ಟು ತಲುಪುತ್ತಿದೆ, ಯಾವ ತಂತು ಇನ್ನೂ ಸುದ್ದಿ ಒಯ್ಯುತ್ತಿದೆ ಎಂಬುದನ್ನು ಮಾಮೂಲಿ ಎಂಆರ್‌ಐ ತೋರಿಸುವುದಿಲ್ಲ. ಒತ್ತಡ ಎಲ್ಲಿದೆ, ಎಷ್ಟಿದೆ ಎಂದು ಚಿತ್ರ ಹೇಳುತ್ತದೆ. ಮನುಷ್ಯ ಎಷ್ಟು ಸೋತಿದ್ದಾನೆ ಎಂದು ಹೇಳುವುದು ಕೈಕಾಲು. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ಪೂರ್ತಿ ಅರ್ಥ ಸಿಗುವುದು. ಇವತ್ತು ಒಂದೇ ಮಾತು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ನಿಮ್ಮ ಕೈಗೆ ವರದಿ ಬಂದಾಗ ಮೂರು ಮಟ್ಟದ ಮಾತುಗಳನ್ನು ಬೇರ್ಪಡಿಸಿ ನೋಡಿ. 'ಡಿಸ್ಕ್ ಬಲ್ಜ್', 'ಥೀಕಲ್ ಸ್ಯಾಕ್ ಇಂಡೆಂಟೇಶನ್' ಎಂದರೆ ಡಿಸ್ಕ್ ಉಬ್ಬಿ ದ್ರವದ ಚೀಲವನ್ನು ಮುಟ್ಟಿದೆ. ಹುರಿ ಒತ್ತಿದೆ ಎಂದು ಅದರರ್ಥವಲ್ಲ. 'ಕಾರ್ಡ್ ಕಂಪ್ರೆಶನ್' ಎಂದರೆ ಹುರಿಗೇ ಒತ್ತಡ ಬಿದ್ದಿದೆ. ಕೈಕಾಲು ಚೆನ್ನಾಗಿದ್ದರೂ ಒಮ್ಮೆ ತಜ್ಞರಿಗೆ ತೋರಿಸಲೇಬೇಕು. 'ಟಿ-2 ಹೈಪರ್‌ಇಂಟೆನ್ಸಿಟಿ', 'ಮೈಲೋಮಲೇಶಿಯಾ', 'ಕಾರ್ಡ್ ಸಿಗ್ನಲ್ ಚೇಂಜ್' ಎಂದಿದ್ದರೆ ಹುರಿಯ ಒಳಗೆ ಬದಲಾವಣೆ ಕಂಡಿದೆ. ಅಲ್ಲಿ ತಡ ಮಾಡಬೇಡಿ. ಅದೇ ಜಾಗ ಟಿ-1 ಚಿತ್ರದಲ್ಲಿ ಕಪ್ಪಾಗಿ ಕಂಡರೆ ಗಾಯ ಹಳೆಯದು, ಪೂರ್ತಿ ವಾಸಿಯಾಗುವುದು ಕಷ್ಟ ಎಂಬ ಸೂಚನೆ.

ಇನ್ನು ಕೈಕಾಲಿನ ಸೋಲನ್ನು ಅಳೆಯುವುದು ಹೇಗೆ? ಇದಕ್ಕೊಂದು ಸ್ವಾರಸ್ಯದ ಚರಿತ್ರೆ ಇದೆ. ಜಪಾನಿನ ಮೂಳೆ ವೈದ್ಯರ ಸಂಘ 1975ರಲ್ಲಿ ಒಂದು ಅಂಕಪಟ್ಟಿ ಮಾಡಿತು. ಅದರಲ್ಲಿ ಕೈಗೆ ಕೇಳುವ ಪ್ರಶ್ನೆ, ಚಾಪ್‌ಸ್ಟಿಕ್ ಹಿಡಿದು ಊಟ ಮಾಡಲು ಆಗುತ್ತದೆಯೇ ಎಂದು. ಜಪಾನಿನ ಅಡುಗೆಮನೆ ನೋಡಿ ಮಾಡಿದ ಪ್ರಶ್ನೆ. ಅಮೆರಿಕದ ವೈದ್ಯರು 1991ರಲ್ಲಿ ಅದನ್ನು ತಿದ್ದಿ, ಚಾಪ್‌ಸ್ಟಿಕ್ ಬದಲು ಚಮಚ ಮತ್ತು ಅಂಗಿಯ ಗುಂಡಿ ತಂದರು. ಈಗ ಜಗತ್ತಿನಲ್ಲೆಲ್ಲ ಬಳಸುವುದು ಆ 18 ಅಂಕಗಳ ಪಟ್ಟಿ. ಕೈಯ ಚಲನೆಗೆ 5, ಕಾಲಿಗೆ 7, ಕೈಯ ಸ್ಪರ್ಶಕ್ಕೆ 3, ಮೂತ್ರದ ಹತೋಟಿಗೆ 3. ಪೂರ್ತಿ 18 ಬಂದರೆ ಕೊರತೆ ಇಲ್ಲ. 15ರಿಂದ 17 ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಕಡಿಮೆ ಬಂದರೆ ತೀವ್ರ.

ಅವ್ವನ ಲೆಕ್ಕ ಹಾಕಲು ಕುಳಿತೆ. ಅವ್ವ ಅಂಗಿ ತೊಡುವುದಿಲ್ಲ, ಕುಪ್ಪಸದ ಹುಕ್ಕು ಕೇಳಿದೆ. ಆಗ ಅವಳು ತಲೆ ತಗ್ಗಿಸಿ ಹೇಳಿದಳು, ಆರು ತಿಂಗಳಿಂದ ವೈನಿಯೇ ಹುಕ್ಕು ಹಾಕಿಕೊಡುತ್ತಿದ್ದಾರೆ ಎಂದು. ಚಮಚದಲ್ಲಿ ತಿನ್ನಬಲ್ಲಳು, ಹುಕ್ಕು ಹಾಕಲಾರಳು: ಕೈಗೆ 2. ಕಂಬಿ ಹಿಡಿದರೆ ಮಾತ್ರ ಮೆಟ್ಟಿಲು: ಕಾಲಿಗೆ 4. ಸ್ಪರ್ಶಕ್ಕೆ 2. ಮೂತ್ರಕ್ಕೆ 3. ಒಟ್ಟು 11. ನನ್ನ ಅವ್ವ ತೀವ್ರದ ಸಾಲಿನಲ್ಲಿ ಕುಳಿತಿದ್ದಳು, ನಾನು ವಯಸ್ಸು ಎನ್ನುತ್ತಿದ್ದೆ.

ಈಗ ನೀವೆಲ್ಲ ಕೈ ಮುಂದೆ ಚಾಚಿ. ಬಳೆ ಸದ್ದಾದರೂ ಪರವಾಗಿಲ್ಲ! ಅಂಗೈ ನೆಲ ನೋಡುತ್ತಿರಲಿ. ಮುಷ್ಟಿ ಪೂರ್ತಿ ಕಟ್ಟಿ, ಬೆರಳು ಪೂರ್ತಿ ಬಿಡಿಸಿ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಕಾರ್ಯದರ್ಶಿಯವರು ಗಡಿಯಾರ ನೋಡಿ ಹತ್ತು ಸೆಕೆಂಡ್ ಹೇಳುತ್ತಾರೆ. ಹೂಂ, ಶುರು... ನಿಲ್ಲಿಸಿ. ಸಾಮಾನ್ಯವಾಗಿ 20 ಸಲ ಅಥವಾ ಹೆಚ್ಚು ಆಗಬೇಕು. ಜಪಾನಿನ ವೈದ್ಯ ಓನೋ ಮತ್ತು ಅವರ ಜೊತೆಯವರು 1987ರಲ್ಲಿ 'ಮೈಲೋಪತಿ ಕೈ' ಎಂದು ವಿವರಿಸಿದಾಗ ತಿಳಿಸಿದ ಪರೀಕ್ಷೆ ಇದು. ಕಡಿಮೆ ಬಂದವರು ಗಾಬರಿಯಾಗಬೇಡಿ. ಬೆರಳ ಗಂಟುಗಳ ಸಂಧಿವಾತ ಇದ್ದರೂ ಕಡಿಮೆಯಾಗುತ್ತದೆ. ಇದೊಂದರಿಂದಲೇ ರೋಗ ತೀರ್ಮಾನವಾಗುವುದಿಲ್ಲ, ವಿಚಾರಿಸಲು ಒಂದು ಕಾರಣ ಸಿಗುತ್ತದೆ ಅಷ್ಟೆ.

ಮನೆಯಲ್ಲಿ ಏನನ್ನು ಗಮನಿಸಬೇಕು? ನಮ್ಮ ಕೈ ಚಾಪ್‌ಸ್ಟಿಕ್ ಹಿಡಿಯುವುದಿಲ್ಲ. ಅನ್ನ-ಸಾರು ಕಲಸುತ್ತದೆ, ಹೂ ಕಟ್ಟುತ್ತದೆ, ರಂಗೋಲಿ ಎಳೆ ಬಿಡುತ್ತದೆ, ಸೀರೆಗೆ ಪಿನ್ನು ಚುಚ್ಚುತ್ತದೆ, ಬೀಗಕ್ಕೆ ಕೀಲಿ ತೂರಿಸುತ್ತದೆ, ಬ್ಯಾಂಕಿನಲ್ಲಿ ಸಹಿ ಹಾಕುತ್ತದೆ. ಇವುಗಳಲ್ಲಿ ಕೆಲವು ತಿಂಗಳಲ್ಲಿ ಬದಲಾವಣೆ ಕಂಡರೆ ಬರೆದಿಡಿ. ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಓಲಾಡುವುದು, ಗೋಡೆ ಹಿಡಿದು ನಡೆಯುವುದು, ಕಾಲು ಬಿಗಿಯಾಗಿ ಎಳೆದಂತಾಗುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು, ತಲೆ ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟು ಹೊಡೆದಂತಾಗುವುದು, ಮೂತ್ರಕ್ಕೆ ಅವಸರವಾಗುವುದು ಇವೂ ಲಕ್ಷಣಗಳೇ. ಕೊನೆಯದನ್ನು ನಾವು ಹೆಂಗಸರು ಹೆರಿಗೆಯ ಲೆಕ್ಕಕ್ಕೋ ವಯಸ್ಸಿನ ಲೆಕ್ಕಕ್ಕೋ ಬರೆದು ಸುಮ್ಮನಾಗುತ್ತೇವೆ. ಕೈ, ಕಾಲು, ಮೂತ್ರ ಮೂರರಲ್ಲಿ ಎರಡು ಸೇರಿದರೆ ಸುಮ್ಮನಾಗಬೇಡಿ. ಬಿದ್ದ ಮೇಲೆ ದಿಢೀರನೆ ಕೈಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇದೇ ರೀತಿ ಕಾಣುವ ಬೇರೆ ತೊಂದರೆಗಳೂ ಇವೆ. ಬಿ-12 ಜೀವಸತ್ವದ ಕೊರತೆಯಿಂದಲೂ ಬೆನ್ನುಹುರಿ ಕೆಡುತ್ತದೆ, ಜುಮುಗುಡುತ್ತದೆ, ನಡಿಗೆ ತೂಗಾಡುತ್ತದೆ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಈ ಕೊರತೆ ಅಪರೂಪವಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೋಲುತ್ತವೆ. ಒಬ್ಬರಲ್ಲೇ ಎರಡು ಮೂರು ಕಾರಣ ಸೇರಿರಬಹುದು, ಅವ್ವನಿಗೆ ಮಣಿಕಟ್ಟೂ ಇತ್ತು, ಕುತ್ತಿಗೆಯೂ ಇತ್ತು. ಅದಕ್ಕೇ ವೈದ್ಯರು ಸುತ್ತಿಗೆಯಿಂದ ತಟ್ಟಿ ನೋಡಬೇಕು, ನಡೆಸಿ ನೋಡಬೇಕು. ನಡೆಸಿ ನೋಡದೆ ಇದ್ದರೆ ನೀವೇ ಹೇಳಿ, "ಡಾಕ್ಟರೇ, ಇವರು ನಡೆಯುವುದನ್ನು ಒಮ್ಮೆ ನೋಡಿ."

ಎಂಆರ್‌ಐ ಬರೆದುಕೊಟ್ಟರೆ ಹೆದರಬೇಡಿ. ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಅಯಸ್ಕಾಂತದ ಕೆಲಸ. ಕುತ್ತಿಗೆಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ಮೈಯೊಳಗೆ ಯಾವುದೇ ಲೋಹ ಇದ್ದರೆ ಮೊದಲೇ ತಿಳಿಸಿ. ತಲೆಯ ಕ್ಲಿಪ್ಪು, ಸೀರೆಯ ಪಿನ್ನು, ಬಳೆ, ಕಾಲುಂಗುರ ಎಲ್ಲ ತೆಗೆಯಬೇಕು. ತಾಳಿಯನ್ನೂ ತೆಗೆಯಬೇಕು, ಅದು ಕುತ್ತಿಗೆಯ ಚಿತ್ರವನ್ನೇ ಕೆಡಿಸುತ್ತದೆ. ಮನಸ್ಸೊಪ್ಪದವರು ಅರಿಶಿನದ ದಾರ ಕಟ್ಟಿಕೊಂಡು ಬರುತ್ತಾರೆ, ನಮಗೆ ಅಡ್ಡಿಯಿಲ್ಲ. ಎಕ್ಸ್‌ರೇ ಮಾತ್ರ ತೆಗೆದು 'ಸ್ಪಾಂಡಿಲೋಸಿಸ್ ಇದೆ, ಅಷ್ಟೆ' ಎಂದರೆ, ಕೈಕಾಲಿನ ತೊಂದರೆ ಇರುವವರು ಅಲ್ಲಿಗೇ ನಿಲ್ಲಬೇಡಿ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹುರಿ ಕಾಣುವುದಿಲ್ಲ.

ಇನ್ನೊಂದು ಒಳಗಿನ ಮಾತು. ನಮಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ 'ಕುತ್ತಿಗೆ ನೋವು' ಎಂಬ ಎರಡೇ ಪದ ಇರುತ್ತದೆ. 'ಹುಕ್ಕು ಹಾಕಲು ಆಗುತ್ತಿಲ್ಲ, ಎರಡು ಸಲ ಬಿದ್ದಿದ್ದಾರೆ' ಎಂದಿದ್ದರೆ ನಾವು ಅದೇ ಚಿತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ, ವೈದ್ಯರಿಗೆ ಫೋನ್ ಮಾಡುತ್ತೇವೆ. ಸ್ಕ್ಯಾನ್ ಕೇಂದ್ರದಲ್ಲಿ ಅರ್ಜಿ ತುಂಬುವಾಗ ಇದನ್ನು ನೀವೇ ಬರೆಯಿರಿ.

ಚಿಕಿತ್ಸೆಯ ವಿಚಾರಕ್ಕೆ ಬರೋಣ. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಮಾರ್ಗಸೂಚಿ ಪ್ರಕಟಿಸಿದರು. ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆ ಸಲಹೆ ಮಾಡುತ್ತಾರೆ. ಸೌಮ್ಯ ಹಂತದವರಿಗೆ ಶಸ್ತ್ರಚಿಕಿತ್ಸೆ, ಇಲ್ಲವೇ ತಜ್ಞರ ನಿಗಾದಲ್ಲಿ ಕ್ರಮಬದ್ಧ ಪುನಶ್ಚೇತನ ಚಿಕಿತ್ಸೆ. ಅದರಲ್ಲಿ ಕೆಟ್ಟರೆ ಅಥವಾ ಸುಧಾರಿಸದಿದ್ದರೆ ಶಸ್ತ್ರಚಿಕಿತ್ಸೆ. ಚಿತ್ರದಲ್ಲಿ ಮಾತ್ರ ಒತ್ತಡ ಇದ್ದು ತೊಂದರೆ ಏನೂ ಇಲ್ಲದವರಿಗೆ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ ಬೇಡ, ತಿಳಿವಳಿಕೆ ಕೊಟ್ಟು ಗಮನಿಸುತ್ತಿರಬೇಕು. ಗಮನಿಸುವುದು ಏಕೆಂದರೆ, ಚೆಕ್ ದೇಶದ ವೈದ್ಯರು ಇಂಥ 199 ಜನರನ್ನು ವರ್ಷಗಟ್ಟಲೆ ನೋಡಿದಾಗ 45 ಜನರಿಗೆ ಮುಂದೆ ಮೈಲೋಪತಿ ಬಂತು. ಉಳಿದವರಿಗೆ ಬರಲಿಲ್ಲ. ಹೆದರುವುದೂ ಬೇಡ, ಮರೆಯುವುದೂ ಬೇಡ. ಅಂಥವರು ಜೋರಾಗಿ ಕುತ್ತಿಗೆ ತಿರುಗಿಸಿ ನೆಟಿಗೆ ಮುರಿಸಿಕೊಳ್ಳಬಾರದು, ಬೀಳದಂತೆ ಎಚ್ಚರ ವಹಿಸಬೇಕು. ಇಕ್ಕಟ್ಟಾದ ಕುತ್ತಿಗೆಗೆ ಸಣ್ಣ ಪೆಟ್ಟೂ ದೊಡ್ಡದಾಗಬಹುದು.

ಶಸ್ತ್ರಚಿಕಿತ್ಸೆ ಮುಂದಿನಿಂದಲೂ ಮಾಡುತ್ತಾರೆ, ಹಿಂದಿನಿಂದಲೂ ಮಾಡುತ್ತಾರೆ. ಮುಂದಿನಿಂದಾದರೆ ಡಿಸ್ಕ್ ತೆಗೆದು ಮಣಿಗಳನ್ನು ಬೆಸೆಯುತ್ತಾರೆ. ಅವ್ವನಿಗೆ ಹಿಂದಿನಿಂದ ಮಾಡಿದರು. ಮಣಿಯ ಹಿಂಗಮಾನನ್ನು ಒಂದು ಬದಿಯಲ್ಲಿ ಕತ್ತರಿಸಿ, ಬಾಗಿಲು ತೆರೆದಂತೆ ತೆರೆದು ನಿಲ್ಲಿಸುವ ವಿಧಾನ, ಜಪಾನಿನಲ್ಲಿ ಬೆಳೆದದ್ದು. ಇದರ ಮುಖ್ಯ ಉದ್ದೇಶ ಇನ್ನಷ್ಟು ಕೆಡದಂತೆ ತಡೆಯುವುದು. ಬಹಳ ಜನರಿಗೆ ಸುಧಾರಣೆಯೂ ಆಗುತ್ತದೆ, ಆದರೆ ಕಳೆದುಕೊಂಡದ್ದೆಲ್ಲ ಮರಳಿ ಬರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಎಷ್ಟು ಬೇಗ ಗೊತ್ತಾಗುತ್ತದೋ ಅಷ್ಟು ಉಳಿಯುತ್ತದೆ.

ಅವ್ವನಿಗೆ ಒಂದು ವರ್ಷದ ನಂತರ ಮತ್ತೆ ಲೆಕ್ಕ ಹಾಕಿದೆ. ಕೈಗೆ 3, ಕಾಲಿಗೆ 6, ಸ್ಪರ್ಶಕ್ಕೆ 2, ಮೂತ್ರಕ್ಕೆ 3. ಒಟ್ಟು 14. ಹೊಸ ಎಂಆರ್‌ಐಯಲ್ಲಿ ಹುರಿಯ ಸುತ್ತ ಬಿಳಿ ಗೆರೆ ಮರಳಿತ್ತು. ಒಳಗಿನ ಬಿಳಿ ಮಚ್ಚೆ ಮಾತ್ರ ಇದ್ದಲ್ಲೇ ಇತ್ತು. ಆ ಮಚ್ಚೆಯನ್ನಷ್ಟೇ ನೋಡುವವರಿಗೆ ಏನೂ ಸುಧಾರಿಸಿಲ್ಲ ಎನಿಸಬಹುದು. ಆದರೆ ಅದೇ ಮಚ್ಚೆ ಹೊತ್ತುಕೊಂಡು ಅವ್ವ ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುತ್ತಾಳೆ, ಸಂಜೆ ಗುಡಿಗೆ ಒಬ್ಬಳೇ ಹೋಗಿಬರುತ್ತಾಳೆ. ಹುಕ್ಕನ್ನು ತಾನೇ ಹಾಕಿಕೊಳ್ಳುತ್ತಾಳೆ, ಸಾವಕಾಶವಾಗಿ, ಬಾಗಿಲು ಹಾಕಿಕೊಂಡು. ಹೂಬತ್ತಿ ಮಾತ್ರ ಮತ್ತೆ ಬರಲಿಲ್ಲ. ರೊಟ್ಟಿಯ ತಾಳವೂ ಬರಲಿಲ್ಲ. ಎರಡು ವರ್ಷ ಮೊದಲೇ ಗೊತ್ತಾಗಿದ್ದರೆ ಬರುತ್ತಿತ್ತೋ ಏನೋ. ಆ 'ಏನೋ' ನನ್ನ ಜೊತೆಗೇ ಇರುತ್ತದೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಒಮ್ಮೆ ವೈನಿಯ ಹತ್ತಿರ ಕೂತು ಹೇಳಿದೆ: "ವೈನಿ, ನೀವು ಹೇಳಿದಾಗಲೇ ನಾ ಕೇಳಬೇಕಾಗಿತ್ತು. ತಪ್ಪಾತು." ಅವರು ಒಲೆಯ ಮೇಲಿನ ಹಂಚು ನೋಡುತ್ತಲೇ, "ನನಗೇನ್ ರೋಗದ ಹೆಸರು ಗೊತ್ತಿತ್ತೇನ್ರಿ? ಸಪ್ಪಳ ಬ್ಯಾರೆ ಆತು, ಅದಕ್ಕ ಹೇಳ್ದೆ" ಎಂದರು.

ಅಕ್ಕತಂಗಿಯರೆ, ರೋಗದ ಹೆಸರು ನಿಮಗೆ ಗೊತ್ತಿರಬೇಕಾಗಿಲ್ಲ. ಅದು ನಮ್ಮ ಕೆಲಸ. ಮನೆಯಲ್ಲಿ ಯಾರ ಕೈಯ ಸಪ್ಪಳ ಬದಲಾಗಿದೆ ಎಂಬುದು ನಿಮಗೇ ಮೊದಲು ಗೊತ್ತಾಗುವುದು. ಅದನ್ನು ಸಂಕೋಚ ಬಿಟ್ಟು ವೈದ್ಯರ ಮುಂದೆ ಹೇಳಿ. ಒಮ್ಮೆ ಕೇಳದಿದ್ದರೆ ಇನ್ನೊಮ್ಮೆ ಹೇಳಿ. ನಿಮ್ಮ ಸ್ವಂತ ಕೈಯದ್ದಾದರೆ ಮನೆಯವರಿಗೆ ಮುಚ್ಚಿಡಬೇಡಿ, ಮುಚ್ಚುವುದರಲ್ಲಿ ನಾವು ಅವ್ವಂದಿರಿಗಿಂತ ಕಡಿಮೆ ಏನಿಲ್ಲ. ಊರಿನಲ್ಲಿ ತಾಯಿ, ಅತ್ತೆ ಇರುವವರು ಇಂದು ರಾತ್ರಿ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: "ಹುಕ್ಕು ನೀವೇ ಹಾಕ್ಕೋತೀರಾ?"

ಹಿಂದಿನ ಸಾಲಿನವರೆ, ಚಹಾ ಬಂದಿದೆ. ಕಪ್ಪು ಹಿಡಿಯುವಾಗ ಒಮ್ಮೆ ಪಕ್ಕದವರ ಕೈ ನೋಡಿ.